ಮಲ್ಲಿಕಾರ್ಜುನ ಮನಸೂರ

1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಮೊದಲು ನೀಲಕಂಠಬುವಾ ಅವರಲ್ಲಿ, ಬಳಿಕ ಮುಂಬಯಿಯಲ್ಲಿ ಮಂಜಿಖಾನರಲ್ಲಿ ಸಂಗೀತ ಕಲಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡು ವಿದ್ಯೆ ಅರ್ಧಕ್ಕೇ ನಿಂತಿತು. ಆದರೂ ಎದೆಗುಂದದೆ ಅವರ ತಮ್ಮ ಬುರ್ಜಿಖಾನರ ಶಿಷ್ಯರಾದರು. ಬೇರೆ ಧರ್ಮ, ಬೇರೆ ಭಾಷೆಯ ಗುರುಗಳಿಂದ ಪಡೆದುದನ್ನು ಕನ್ನಡದ ವಚನಗಳಿಗೂ ಧಾರೆ ಎರೆದರು. 1992ರಲ್ಲಿ ಪದ್ಮವಿಭೂಷಣ ಬಂತು. ಅದೇ ಸೆಪ್ಟೆಂಬರ್ 12ರಂದು ತೀರಿಕೊಂಡರು.

ಅಪರೂಪದ ರಾಗಗಳು, ಉಸಿರು ಬಿಡಗೊಡದ ಸ್ವರಗಳು. ಅವರ ಗಾಯನವನ್ನು ನಾವು ಮೆಚ್ಚುತ್ತೇವೆ, ಆದರೆ ದಿನವೂ ಕೇಳಲಾರೆವು. ಶುಭ ಶುಕ್ರವಾರದ ಶೋಕಗೀತೆಗಳಂತೆ ಅದಕ್ಕೂ ಕುಳಿತು ಇಡೀ ಮನಸ್ಸು ಕೊಡಬೇಕು. ಭಾರವೆಂದು ಬಿಟ್ಟರೆ ನಷ್ಟ ನಮ್ಮದೇ. ತೆಲುಗಿನ ನಡುವೆ ಕನ್ನಡ ಉಳಿಸಿಕೊಂಡಿರುವ ಕೆ.ಟಿ. ದೊಡ್ಡಿಯ ನಮ್ಮ ಮನೆಗಳಲ್ಲಿ, ಈ ತಪಸ್ಸುಕಾಲದ ಒಂದು ಸಂಜೆಯಾದರೂ ಮಕ್ಕಳೊಡನೆ ಕುಳಿತು ಅವರನ್ನು ಕೇಳೋಣ.