ಡಾ. ಅನುಪಮಾ ನಿರಂಜನ: ತಾಯಂದಿರಿಗೆ ಆರೋಗ್ಯದ ಅರಿವು ನೀಡಿದ ವೈದ್ಯೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳಲ್ಲಿ ತಾಯಿ ಕಾರ್ಡಿಗಾಗಿ ಹೆಸರು ನೋಂದಾಯಿಸುವ ಗರ್ಭಿಣಿಯರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ. ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯ ಸಮಯದಲ್ಲಿ ಗರ್ಭಿಣಿಯ ತೂಕವನ್ನು ಬರೆಯಲು ಒಂದು ಅಂಕಣವಿದೆ. ಆ ಅಂಕಿಯ ಅರ್ಥವು ವೈದ್ಯರಿಗಷ್ಟೇ ಅಲ್ಲದೆ ಗರ್ಭಿಣಿಗೂ ತಿಳಿದಿರಬೇಕು. ಗರ್ಭಿಣಿಯ ಆರೋಗ್ಯದ ವಿಷಯವನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಿದವರಲ್ಲಿ ಧಾರವಾಡದಲ್ಲಿ ವೈದ್ಯವೃತ್ತಿ ನಡೆಸಿದ್ದ ಡಾ. ಅನುಪಮಾ ನಿರಂಜನ ಅವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಅನುಪಮಾ ಅವರು 1934ರ ಮೇ 17ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಜನಿಸಿದರು. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೇ ವಿರಳವಾಗಿದ್ದ ಕಾಲದಲ್ಲಿ ಅವರು ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ವೈದ್ಯೆಯಾದರು. ಅನುಪಮಾ ಎಂಬ ಹೆಸರಿನಿಂದ ಕಥೆಗಳನ್ನು ಬರೆಯತೊಡಗಿದರು. ಕನ್ನಡದ ಪ್ರಗತಿಶೀಲ ಸಾಹಿತ್ಯ ಚಳವಳಿಯ ಪ್ರಮುಖ ಲೇಖಕರಾದ ನಿರಂಜನ ಅವರನ್ನು ವಿವಾಹವಾದ ನಂತರ ಅನುಪಮಾ ನಿರಂಜನ ಎಂದೇ ಪ್ರಸಿದ್ಧರಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು.

ಧಾರವಾಡದಲ್ಲಿ ವೈದ್ಯವೃತ್ತಿ

ಅನುಪಮಾ ಅವರು ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವೈದ್ಯೆಯಾಗಿ ಕೆಲಸ ಮಾಡಿದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳೂ ಅಂದು ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಅಣ್ಣಿಗೇರಿಯು ನವಲಗುಂದ ತಾಲ್ಲೂಕಿಗೆ ಸೇರಿತ್ತು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ಗ್ರಾಮಾಂತರ ಪ್ರದೇಶದಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲಿಯೇ, ಸೂಲಗಿತ್ತಿಯರ ನೆರವಿನಿಂದ ಆಗುತ್ತಿದ್ದವು. ಮಳೆಗಾಲದಲ್ಲಿ ಎರೆಭೂಮಿಯ ದಾರಿಗಳು ಕೆಸರಾಗಿ, ತೊಂದರೆಯಲ್ಲಿರುವ ಗರ್ಭಿಣಿಯನ್ನು ಚಕ್ಕಡಿಯಲ್ಲಿ ಪಟ್ಟಣಕ್ಕೆ ಕರೆತರುವುದೂ ಕಷ್ಟವಾಗಿತ್ತು.

ಇಂತಹ ಕಾಲದಲ್ಲಿ ಗರ್ಭಿಣಿಯು ತನ್ನ ದೇಹದಲ್ಲಾಗುವ ಬದಲಾವಣೆಗಳನ್ನು ಗಂಡಸರ ಮುಂದಿರಲಿ, ಅತ್ತೆಯ ಮುಂದೆ ಹೇಳಲೂ ಸಂಕೋಚಪಡುತ್ತಿದ್ದಳು. ಊರಿನ ಮಹಿಳೆಯರು ಮನಬಿಚ್ಚಿ ಮಾತನಾಡಬಹುದಾದ ವೈದ್ಯೆಯರು ಬಹಳ ಕಡಿಮೆ ಸಂಖ್ಯೆಯಲ್ಲಿದ್ದರು.

ತಾಯಿ-ಮಗು ಕೃತಿ

ಒಬ್ಬ ವೈದ್ಯೆಯು ದಿನವೊಂದಕ್ಕೆ ನೋಡಬಹುದಾದ ರೋಗಿಗಳ ಸಂಖ್ಯೆ ಸೀಮಿತ. ಪುಸ್ತಕವು ಆಸ್ಪತ್ರೆಯಿಲ್ಲದ ಊರಿಗೂ ತಲುಪಬಲ್ಲದು. ಅನುಪಮಾ ಅವರು ಮಹಿಳೆಯರ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಸರಣಿಯಾಗಿ ಪುಸ್ತಕಗಳನ್ನು ರಚಿಸಿದರು. ಅವುಗಳಲ್ಲಿ ತಾಯಿ-ಮಗು, ವಧುವಿಗೆ ಕಿವಿಮಾತು, ದಾಂಪತ್ಯ ದೀಪಿಕೆ ಮತ್ತು ಸ್ತ್ರೀ ಸ್ವಾಸ್ಥ್ಯ ಸಂಹಿತೆ ಮುಖ್ಯವಾದವು. ಬಸಿರು, ಹೆರಿಗೆ ಮತ್ತು ಶಿಶುಪಾಲನೆಯನ್ನು ಕುರಿತ ತಾಯಿ-ಮಗು ಕೃತಿಯು ಹಲವು ಮುದ್ರಣಗಳನ್ನು ಕಂಡಿತು. 

ಗರ್ಭಿಣಿಯ ತೂಕ: ಬದಲಾದ ತಿಳಿವಳಿಕೆ

ಅನುಪಮಾ ಅವರು ವೈದ್ಯವೃತ್ತಿಯಲ್ಲಿದ್ದ ದಶಕಗಳಲ್ಲಿಯೇ ಗರ್ಭಿಣಿಯ ತೂಕದ ಬಗ್ಗೆ ವೈದ್ಯಲೋಕದ ತಿಳಿವಳಿಕೆಯೂ ಬದಲಾಯಿತು. ತೂಕ ಹೆಚ್ಚಿದರೆ ರಕ್ತದೊತ್ತಡ ಮತ್ತು ನಂಜು ಉಂಟಾಗುತ್ತದೆಂಬ ಭಯದಿಂದ ಪಾಶ್ಚಾತ್ಯ ದೇಶಗಳ ಅನೇಕ ವೈದ್ಯರು ಗರ್ಭಿಣಿಯರಿಗೆ ಆಹಾರ ಕಡಿಮೆ ಮಾಡಲು ಸೂಚಿಸುತ್ತಿದ್ದರು. 1970ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯು ಈ ನಿರ್ಬಂಧವನ್ನು ಕೈಬಿಡುವಂತೆ ತಿಳಿಸಿ, ಸರಾಸರಿ 11 ಕೆ.ಜಿ.ಯಷ್ಟು ತೂಕ ಹೆಚ್ಚಳವನ್ನು ಸೂಕ್ತವೆಂದು ಪರಿಗಣಿಸಿತು.

ನಮ್ಮ ಹಳ್ಳಿಗಳಲ್ಲಿ ಬೇರೊಂದು ಕಾರಣದಿಂದ ಇದೇ ತಪ್ಪು ನಡೆಯುತ್ತಿತ್ತು. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಯಿಂದ, ದಿನವಿಡೀ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ಬಂದ ಗರ್ಭಿಣಿಯೂ ಅರ್ಧ ಹೊಟ್ಟೆ ಉಣ್ಣುತ್ತಿದ್ದಳು. ಈ ನಂಬಿಕೆ ಇಂದಿಗೂ ಪೂರ್ಣವಾಗಿ ಹೋಗಿಲ್ಲ.

ಹೆಚ್ಚಾಗುವ ತೂಕವೆಲ್ಲವೂ ಮಗುವಿನದಲ್ಲ. ಮಗುವಿನ ತೂಕ ಸುಮಾರು 3 ಕೆ.ಜಿ. ಇರುತ್ತದೆ. ಉಳಿದದ್ದು ಮಾಸು, ಗರ್ಭಜಲ, ದೊಡ್ಡದಾದ ಗರ್ಭಕೋಶ, ಹೆಚ್ಚಿದ ರಕ್ತ ಹಾಗೂ ಮುಂದೆ ಎದೆಹಾಲಿಗೆ ನೆರವಾಗುವ ಕೊಬ್ಬಿನ ಸಂಗ್ರಹ. ತಾಯಿಯು ಕಡಿಮೆ ಉಂಡರೆ ಮಗುವು 2.5 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಅಂತಹ ಮಗುವಿಗೆ ಸೋಂಕು, ಮೈ ತಣ್ಣಗಾಗುವಿಕೆ ಹಾಗೂ ಮರಣದ ಅಪಾಯ ಅಧಿಕ.

ಸಾಹಿತ್ಯ ಸೇವೆ ಮತ್ತು ಕೊನೆಯ ವರ್ಷಗಳು

ಅನುಪಮಾ ಅವರು ಕಾದಂಬರಿಕಾರ್ತಿಯಾಗಿಯೂ ನಾಡಿಗೆ ಪರಿಚಿತರು. ಶ್ವೇತಾಂಬರಿ, ಮಾಧವಿ, ಘೋಷ ಮೊದಲಾದ ಕಾದಂಬರಿಗಳಲ್ಲಿ ಮಹಿಳೆಯರ ಬದುಕಿನ ಪ್ರಶ್ನೆಗಳನ್ನು ಚಿತ್ರಿಸಿದರು. ಅವರ ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು 1984ರಲ್ಲಿ ಚಲನಚಿತ್ರವಾಗಿಸಿದರು. ಮಕ್ಕಳಿಗಾಗಿ 12 ಸಂಪುಟಗಳಲ್ಲಿ ದಿನಕ್ಕೊಂದು ಕಥೆ ಮಾಲಿಕೆಯನ್ನು ರಚಿಸಿದರು.

ಪತಿ ನಿರಂಜನ ಅವರು ಪಾರ್ಶ್ವವಾಯು ಪೀಡಿತರಾದಾಗ ಅನುಪಮಾ ಅವರು ಆರೈಕೆ, ವೃತ್ತಿ ಮತ್ತು ಬರವಣಿಗೆಗಳನ್ನು ಒಟ್ಟಿಗೆ ನಿಭಾಯಿಸಿದರು. ಅನಂತರ ಸ್ವತಃ ಕ್ಯಾನ್ಸರ್ ರೋಗಕ್ಕೆ ತುತ್ತಾದರು. ಆ ರೋಗದ ಹೆಸರನ್ನೇ ಜನರು ಮುಚ್ಚಿಡುತ್ತಿದ್ದ ಕಾಲದಲ್ಲಿ ಅವರು ತಮ್ಮ ಅನುಭವವನ್ನು ಬಹಿರಂಗವಾಗಿ ಬರೆದರು. 1991ರ ಫೆಬ್ರವರಿ 15ರಂದು ನಿಧನರಾದರು. ಆಗ ಅವರ ವಯಸ್ಸು 56 ವರ್ಷ.

ಇಂದಿನ ಗರ್ಭಿಣಿಯರು ತಿಳಿದಿರಬೇಕಾದುದು

ಡಾ. ಅನುಪಮಾ ಅವರ ಕಾಲದಲ್ಲಿ ಗ್ರಾಮೀಣ ಗರ್ಭಿಣಿಗೆ ದೊರೆಯದಿದ್ದ ಹಲವು ಸೌಲಭ್ಯಗಳು ಈಗ ಊರಿನಲ್ಲಿಯೇ ಇವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೊಂಡ ಮಾತೃಪೂರ್ಣ ಯೋಜನೆಯ ಮೂಲಕ ಅಂಗನವಾಡಿಯಲ್ಲಿ ಗರ್ಭಿಣಿ ಹಾಗೂ ಬಾಣಂತಿಯರಿಗೆ ಪೌಷ್ಟಿಕ ಆಹಾರ ದೊರೆಯುತ್ತದೆ. ಈ ಸೌಲಭ್ಯಗಳ ಪೂರ್ಣ ಪ್ರಯೋಜನಕ್ಕಾಗಿ ಕೆಳಗಿನ ಅಂಶಗಳನ್ನು ಗಮನಿಸುವುದು.

1. ಗರ್ಭ ಧರಿಸಿದ 12 ವಾರಗಳ ಒಳಗೆ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯ ಬಳಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಮೊದಲ ತೂಕವು ಆರಂಭದಲ್ಲಿಯೇ ದಾಖಲಾದರೆ ಮಾತ್ರ ನಂತರದ ಹೆಚ್ಚಳವನ್ನು ಸರಿಯಾಗಿ ಲೆಕ್ಕ ಹಾಕಬಹುದು.

2. ಕನಿಷ್ಠ 4 ಬಾರಿ ತಪಾಸಣೆ ಮಾಡಿಸಿಕೊಳ್ಳುವುದು. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ.

3. ಪಾದರಕ್ಷೆ ತೆಗೆದು, ತಕ್ಕಡಿಯ ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿ ತೂಕ ಮಾಡಿಸಿಕೊಳ್ಳುವುದು. ಸಾಧ್ಯವಾದಷ್ಟು ಪ್ರತಿ ಸಲವೂ ಒಂದೇ ತಕ್ಕಡಿಯನ್ನು ಬಳಸುವುದು.

4. ಮೊದಲ 3 ತಿಂಗಳುಗಳಲ್ಲಿ ವಾಂತಿ, ವಾಕರಿಕೆಯ ಕಾರಣ ತೂಕ ಹೆಚ್ಚದಿರಬಹುದು. ಆ ನಂತರ ತಿಂಗಳಿಗೆ ಸುಮಾರು 2 ಕೆ.ಜಿ.ಯಂತೆ, ಒಟ್ಟು 9ರಿಂದ 11 ಕೆ.ಜಿ. ಹೆಚ್ಚಾಗುವುದು ಸಾಮಾನ್ಯ. ತೀರ ತೆಳ್ಳಗಿರುವವರಿಗೆ ಇದಕ್ಕಿಂತ ಹೆಚ್ಚು, ಮೊದಲೇ ಅಧಿಕ ತೂಕವಿರುವವರಿಗೆ ಕಡಿಮೆ ಹೆಚ್ಚಳವು ಸೂಕ್ತವಾಗಬಹುದು. ಈ ಬಗ್ಗೆ ವೈದ್ಯರ ಸಲಹೆ ಪಡೆಯುವುದು.

5. ಒಂದು ತಿಂಗಳಿನಲ್ಲಿ 3 ಕೆ.ಜಿ.ಗಿಂತ ಹೆಚ್ಚು ತೂಕ ಏರಿದರೆ ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಅವಳಿ ಮಕ್ಕಳ ಸಾಧ್ಯತೆಯನ್ನು ಪರೀಕ್ಷಿಸಬೇಕಾಗುತ್ತದೆ. ಇದರೊಂದಿಗೆ ಮುಖ ಮತ್ತು ಕೈಗಳ ಊತ, ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡುಬಂದಲ್ಲಿ ತಡಮಾಡದೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ತೆರಳುವುದು.

6. ತೂಕ ಹೆಚ್ಚದಿದ್ದಲ್ಲಿ ಊಟದ ಪ್ರಮಾಣ, ರಕ್ತಹೀನತೆ ಮತ್ತು ದುಡಿಮೆಯ ಭಾರವನ್ನು ವೈದ್ಯರೊಂದಿಗೆ ಚರ್ಚಿಸುವುದು. ಜೋಳದ ರೊಟ್ಟಿಯೊಂದಿಗೆ ಹೆಸರು, ಮಡಿಕೆ ಮೊದಲಾದ ಕಾಳುಗಳ ಪಲ್ಯ, ಶೇಂಗಾ ಹಿಂಡಿ, ಮೆಂತ್ಯ ಮತ್ತು ರಾಜಗಿರಿ ಸೊಪ್ಪು, ಹಾಲು, ಮೊಸರು ಹಾಗೂ ರೂಢಿ ಇದ್ದವರು ಮೊಟ್ಟೆಯನ್ನು ಸೇವಿಸುವುದು ಉತ್ತಮ.

7. ಕುಬಸದ ನಂತರ ಹೆರಿಗೆಗಾಗಿ ತವರುಮನೆಗೆ ಹೋಗುವವರು ತಾಯಿ ಕಾರ್ಡನ್ನು ತಪ್ಪದೆ ಒಯ್ಯುವುದು. ಗಂಡನ ಮನೆಯಲ್ಲಿ ಬರೆಸಿದ ತೂಕವು ಕೈಯಲ್ಲಿಲ್ಲದಿದ್ದರೆ, ತವರೂರಿನ ಆರೋಗ್ಯ ಸಹಾಯಕಿಗೆ ಕೊನೆಯ ತಿಂಗಳುಗಳ ಏರಿಳಿತ ತಿಳಿಯುವುದಿಲ್ಲ. ತೂಕದಲ್ಲಿನ ಹಠಾತ್ ಏರಿಕೆಯು ಅಪಾಯದ ಸೂಚನೆಯಾಗಬಹುದಾದ ತಿಂಗಳುಗಳೂ ಇವೇ ಆಗಿವೆ.

ಗರ್ಭಿಣಿಯ ಊಟ ಮತ್ತು ವಿಶ್ರಾಂತಿಯ ಹೊಣೆಯು ಅವಳೊಬ್ಬಳದಲ್ಲ. ಪತಿ, ಅತ್ತೆ ಹಾಗೂ ತವರಿನವರೂ ತಾಯಿ ಕಾರ್ಡನ್ನು ಓದಿ, ಕಳೆದ ತಿಂಗಳಿಗೂ ಈ ತಿಂಗಳಿಗೂ ತೂಕದಲ್ಲಿರುವ ವ್ಯತ್ಯಾಸವನ್ನು ಗಮನಿಸಬೇಕು. ಅರ್ಥವಾಗದಿದ್ದಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು. ಹೀಗೆ ಕೇಳಿ ತಿಳಿಯುವ ಧೈರ್ಯವನ್ನು ಕನ್ನಡದ ತಾಯಂದಿರಲ್ಲಿ ಬೆಳೆಸಲು ಡಾ. ಅನುಪಮಾ ನಿರಂಜನ ಅವರು ತಮ್ಮ ವೃತ್ತಿ ಮತ್ತು ಬರವಣಿಗೆ ಎರಡನ್ನೂ ಮೀಸಲಿಟ್ಟಿದ್ದರು.