ಗುಡಿ ಕಟ್ಟಿಸಿದವರಿಗೇ ಹಾಡಲು ಜಾಗವಿರಲಿಲ್ಲ!

ಫೆಬ್ರವರಿ 13 ರಾಷ್ಟ್ರೀಯ ಮಹಿಳಾ ದಿನ. 1879ರಲ್ಲಿ ಸರೋಜಿನಿ ನಾಯ್ಡು ಹುಟ್ಟಿದ ದಿನವದು. ಅವರಿಗಿಂತ ಮೂರು ತಿಂಗಳು ಮುಂಚೆ, 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ ಇನ್ನೊಂದು ಹೆಣ್ಣು ಕೂಸು ಹುಟ್ಟಿತ್ತು. ಮುಂದೆ ನಮ್ಮೂರಿನ ಹೆಸರನ್ನೇ ಹೊತ್ತು ಮೆರೆದ ಬೆಂಗಳೂರು ನಾಗರತ್ನಮ್ಮ ಅವರೇ.

ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಕೈಯಲ್ಲಿ ಕಾಸಿಲ್ಲದಿದ್ದರೂ ಮಗಳಿಗೆ ಸಂಸ್ಕೃತ, ಸಂಗೀತ ಎಲ್ಲಾ ಕಲಿಸಿದರು. ಮಗಳಿನ್ನೂ ಎಳೆಯವಳಿರುವಾಗಲೇ ತೀರಿಕೊಂಡರು. ಎದೆಗುಂದದ ನಾಗರತ್ನಮ್ಮ ಬೆಂಗಳೂರಿನಲ್ಲಿ ಹಾಡಿ ಹೆಸರು ಮಾಡಿದರು. ನ್ಯಾಯಾಧೀಶ ನರಹರಿರಾಯರು ಬೆನ್ನಿಗೆ ನಿಂತರು. ಹನುಮಂತನಗರದ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಿರುವ ನರಹರಿರಾಯರ ಗುಡ್ಡ ಅವರ ಹೆಸರಿನದೇ. ರಾಯರ ಮಾತಿನಂತೆ ನಾಗರತ್ನಮ್ಮ ಮದರಾಸಿಗೆ ಹೋದರು. ಅಲ್ಲಿ ಕಚೇರಿ ಮೇಲೆ ಕಚೇರಿ. ಮನೆ, ಒಡವೆ ಎಲ್ಲಾ ಕೂಡಿಬಂತು.

ಸುಮ್ಮನೆ ಕೂರುವ ಜೀವವಲ್ಲ ಅದು. ಹಿಂದೆ ತಂಜಾವೂರಿನ ಆಸ್ಥಾನದಲ್ಲಿದ್ದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ರಾಧಿಕಾ ಸಾಂತ್ವನಮು ಅವರ ಕೈಗೆ ಸಿಕ್ಕಿತು. 1910ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಶ್ಲೀಲವೆಂದು ಹುಯಿಲೆದ್ದಿತು, ಬ್ರಿಟಿಷ್ ಸರ್ಕಾರ ನಿಷೇಧ ಹಾಕಿತು. ಗಂಡಸರು ಬರೆದರೆ ಶೃಂಗಾರ, ಹೆಂಗಸು ಬರೆದರೆ ಮಾತ್ರ ಅಶ್ಲೀಲವಾಗುವುದು ಹೇಗೆಂಬುದು ನಾಗರತ್ನಮ್ಮನವರ ವಾದ. ನಿಷೇಧ ತೆಗೆಯಲು ಸ್ವಾತಂತ್ರ್ಯದ ಹೊತ್ತೇ ಬರಬೇಕಾಯಿತು.

ಅಷ್ಟರಲ್ಲಿ ತಿರುವೈಯಾರಿನ ತ್ಯಾಗರಾಜರ ಸಮಾಧಿ ಪಾಳುಬಿದ್ದ ಸುದ್ದಿ ಮುಟ್ಟಿತ್ತು. ಗಳಿಸಿದ್ದನ್ನೆಲ್ಲ ಅಲ್ಲಿಗೇ ಸುರಿದರು. ಗುಡಿ ಕಟ್ಟಿಸಿ, 1925ರ ಜನವರಿಯಲ್ಲಿ ಕುಂಭಾಭಿಷೇಕ ಮಾಡಿಸಿದರು. ಆದರೆ ವಿಚಿತ್ರ ನೋಡಿ, ಆರಾಧನೆಯಲ್ಲಿ ಹಾಡುವ ಹಕ್ಕು ಗಂಡಸರಿಗೆ ಮಾತ್ರ! ಗುಡಿ ಕಟ್ಟಿಸಿದ ಅಮ್ಮನಿಗೂ ಜಾಗವಿಲ್ಲ. ಅಮ್ಮ ಗೋಗರೆಯುತ್ತಾ ನಿಲ್ಲಲಿಲ್ಲ. ಹೆಂಗಸರನ್ನೇ ಕೂಡಿಸಿಕೊಂಡು ಬೇರೆ ಆರಾಧನೆ ಶುರು ಮಾಡಿಬಿಟ್ಟರು. ವರ್ಷಗಟ್ಟಲೆ ಎಳೆದಾಟ ನಡೆದು, 1940ರ ಆಸುಪಾಸಿನಲ್ಲಿ ಬಣಗಳೆಲ್ಲ ಒಂದಾದವು. ಹೆಂಗಸರೂ ಹಾಡುವಂತಾಯಿತು.

1952ರ ಮೇ 19ರಂದು ನಾಗರತ್ನಮ್ಮ ಕಣ್ಣುಮುಚ್ಚಿದರು. ಅವರ ಸಮಾಧಿ ಇರುವುದೂ ತ್ಯಾಗರಾಜರ ಸನ್ನಿಧಿಯ ಎದುರಿಗೇ.

ಇವತ್ತು ಜಯನಗರ, ಬನಶಂಕರಿಯ ಆರಾಧನೆಗಳಲ್ಲಿ ಪಂಚರತ್ನ ಕೃತಿ ಹಾಡಲು ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಯಾರ ಅಪ್ಪಣೆಯೂ ಬೇಕಿಲ್ಲ. ಆ ಜಾಗ ಪುಕ್ಕಟೆ ಸಿಕ್ಕಿದ್ದಲ್ಲ. ನಾಗರತ್ನಮ್ಮ ತಮ್ಮ ಆಸ್ತಿಯನ್ನೆಲ್ಲ ಸವೆಸಿ ಹಿಡಿದಿಟ್ಟ ಸೀಟು ಅದು.