ದನದ ಡಾಕ್ಟರ್ ಡನ್‌ಲಪ್ ಮತ್ತು ನಮ್ಮ ದಪ್ಪ ಟೈರಿನ ಹುಚ್ಚು

ಹೋದ ಬೇಸಿಗೆಯಲ್ಲಿ ಕಲ್ಲೂರಿನ ಒಂದು ಪಂಕ್ಚರ್ ಅಂಗಡಿಯ ತಗಡಿನ ನೆರಳಲ್ಲಿ ಎರಡು ತಾಸು ತಲೆ ತಗ್ಗಿಸಿ ಕೂತಿದ್ದೆ. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಎರಡೇ ಬಾಗಿಲು, ಇಕ್ಕಟ್ಟಿನ ನಾಲ್ಕು ಸೀಟು, ನೆಲಕ್ಕೆ ಅಂಟಿದಂಥ ಗಾಡಿ. ಅದರ ಟೈರು ಸಣ್ಣಗೆ ಕಾಣುತ್ತವೆ ಅನ್ನೋದು ಅವನ ಚಿಂತೆ. ಇಂಜಿನಿಯರಿಂಗ್ ಓದಿದ ಅಣ್ಣ ಅಂತ ನನ್ನನ್ನು ಕೇಳಿದ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ಕಾರಿನ ಜೊತೆ ಬಂದಿದ್ದು 195/55 ಆರ್15. ಅದರ ಬದಲು 215/45 ಆರ್16 ಹಾಕಿದರೆ ಒಟ್ಟು ಎತ್ತರದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸವೂ ಬರಲ್ಲ. ಧೈರ್ಯವಾಗಿ ಹಾಕ್ಸು ಅಂದುಬಿಟ್ಟೆ.

ಲೆಕ್ಕ ಸರಿ ಇತ್ತು, ಆದರೆ ಅರ್ಧ ಮಾತ್ರ. ಹೊಸ ರಿಮ್ಮು ಎಷ್ಟು ಹೊರಗೆ ಚಾಚುತ್ತದೆ ಅಂತ ನಾನು ನೋಡಿರಲಿಲ್ಲ. ಖಾಲಿ ಕಾರಿನಲ್ಲಿ ಏನೂ ಗೊತ್ತಾಗಲಿಲ್ಲ. ಒಂದು ಶುಕ್ರವಾರ ಚಿಕ್ಕಪ್ಪ, ಚಿಕ್ಕಮ್ಮ, ನಾವಿಬ್ಬರು ಕಲ್ಲೂರಿನ ಮಹಾಲಕ್ಷ್ಮಿ ಗುಡಿಗೆ ಬಂದೆವು. ವಾಪಸ್ ಹೊರಟಾಗ ಡಿಕ್ಕಿಯಲ್ಲಿ ಒಂದು ಚೀಲ ಜೋಳ ಬೇರೆ. ರಾಯಚೂರಿನ ದಾರಿ ಹಿಡಿದು ಸ್ವಲ್ಪ ದೂರ ಹೋಗೋದರೊಳಗೆ ಹಿಂದಿನ ಟೈರು ಢಬ್ ಅಂತು. ಕಾರು ಎರಡು ಸಲ ಬಾಲ ಬೀಸಿ ರಸ್ತೆ ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಆ ಹೊತ್ತಿಗೆ ಎದುರಿಗೆ ಲಾರಿ ಬರಲಿಲ್ಲ, ಅದಷ್ಟೇ ನಮ್ಮ ಪುಣ್ಯ. ಚಿಕ್ಕಮ್ಮನ ಕೈ ನಡುಕ ಮನೆ ಮುಟ್ಟೋವರೆಗೂ ನಿಲ್ಲಲಿಲ್ಲ.

ಪಂಕ್ಚರ್ ಅಂಗಡಿಯ ಕಾಕಾ ಹೆಚ್ಚು ಮಾತಾಡಲಿಲ್ಲ. ಟೈರಿನ ಭುಜದ ಮೇಲೆ ಬೆರಳಾಡಿಸಿ, ಮಡ್‌ಗಾರ್ಡಿನ ಒಳಗಿನ ಅಂಚು ತೋರಿಸಿದರು. ಬ್ಲೇಡಿನ ಹಾಗೆ ಹೊಳೀತಿತ್ತು. ಭಾರ ಬಿದ್ದು ಕಾರು ಕುಸಿದಾಗಲೆಲ್ಲ ಆ ಅಂಚು ರಬ್ಬರನ್ನು ಕೊಯ್ಯುತ್ತಾ ಬಂದಿತ್ತು. ಅಂಗಡಿಯ ಗೋಡೆಗೆ ಒರಗಿಸಿದ್ದ ಸವೆದ ಟೈರೊಂದರ ಮೇಲೆ ಡನ್‌ಲಪ್ ಎಂಬ ಹೆಸರು ಕಾಣುತ್ತಿತ್ತು. ಕಂಪನಿಯ ಹೆಸರು ಅಂತಷ್ಟೇ ನಾವು ತಿಳಿದಿರೋ ಆ ಮನುಷ್ಯನ ಬದುಕು ನನಗೆ ನೆನಪಾಗಿದ್ದು ಅಲ್ಲೇ. ಯಾಕೆಂದರೆ ನಾವು ಮಾಡದೆ ಬಿಟ್ಟ ಕೆಲಸವನ್ನು ಆತ ಮೊದಲ ದಿನವೇ ಮಾಡಿದ್ದ.

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಊರಲ್ಲಿ. ಒಕ್ಕಲುತನದ ಮನೆ. ಓದಿದ್ದು ಎಡಿನ್‌ಬರೋದಲ್ಲಿ, ಪಶುವೈದ್ಯಕೀಯ. ನಮ್ಮ ಕಡೆ ಮಾತಿನಲ್ಲಿ ಹೇಳಬೇಕೆಂದರೆ ದನದ ಡಾಕ್ಟರು. 1867ರಲ್ಲಿ ಐರ್ಲೆಂಡಿಗೆ ಹೋಗಿ, ಮುಂದೆ ಬೆಲ್‌ಫಾಸ್ಟ್‌ನಲ್ಲಿ ನೆಲೆ ನಿಂತ. ಮದುವೆಯಾದ, ಒಬ್ಬ ಮಗ, ಒಬ್ಬಳು ಮಗಳು. ನಲವತ್ತರ ಗಡಿ ದಾಟೋ ಹೊತ್ತಿಗೆ ಅವನದು ದೊಡ್ಡ ಚಿಕಿತ್ಸಾಲಯ. ಗಾಡಿ ಎಳೆಯೋ ಕುದುರೆಗಳ ಕಾಲು, ಗೊರಸು, ಹೆಗಲು ನೋಡೋದೇ ದಿನದ ಕಸುಬು. ಗಾಲಿಯ ಪೆಟ್ಟು ಯಾರ ಮೈಗೆ ಬೀಳುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗಿನ ಸೈಕಲ್ಲುಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ತೆಳು ಪಟ್ಟಿ. ಬೆಲ್‌ಫಾಸ್ಟ್‌ನ ಕಲ್ಲು ಹಾಸಿದ ಬೀದಿಗಳಲ್ಲಿ ಮಗನ ಮೂರು ಗಾಲಿಯ ಸೈಕಲ್ಲು ಕುಲುಕಾಡುತ್ತಿತ್ತು. 1887ರಲ್ಲಿ ಡನ್‌ಲಪ್ ಒಂದು ಮರದ ತಟ್ಟೆ ತಗೊಂಡ. ತೆಳು ರಬ್ಬರಿನಿಂದ ಕೊಳವೆ ಮಾಡಿ, ಗಾಳಿ ತುಂಬಿ, ಬಟ್ಟೆ ಹೊದಿಸಿ ಅದರ ಸುತ್ತ ಬಿಗಿದ. ನನಗೆ ಇಷ್ಟವಾಗೋದು ಆಮೇಲೆ ಅವನು ಮಾಡಿದ್ದು. ಮಗನ ಸೈಕಲ್ಲಿನ ಹಳೆ ಗಾಲಿಯನ್ನೂ ಈ ಹೊಸ ಗಾಲಿಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದ. ಹಳೆಯದು ಅರ್ಧದಲ್ಲೇ ಬಿತ್ತು. ಗಾಳಿ ತುಂಬಿದ್ದು ಅಂಗಳ ದಾಟಿ ಆ ಕಡೆ ಹೋಗಿ ಬಡಿದು ವಾಪಸ್ ಪುಟಿಯಿತು.

ಕಾರಣ ಸರಳ. ಗಟ್ಟಿ ಟೈರಿಗೆ ಸಣ್ಣ ಕಲ್ಲು ಸಿಕ್ಕರೂ ಗಾಲಿ, ಸೈಕಲ್ಲು, ಸವಾರ ಎಲ್ಲರೂ ಅದನ್ನು ಹತ್ತಿ ಇಳಿಯಬೇಕು. ಪ್ರತಿ ಸಲವೂ ಶಕ್ತಿ ಪೋಲು. ಗಾಳಿಯ ಟೈರು ಆ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ಅಂದರೆ ಆ ಟೈರು ದಪ್ಪಗಿದ್ದದ್ದು ಚೆಂದಕ್ಕಲ್ಲ, ಒಳಗೆ ಗಾಳಿಗೆ ಜಾಗ ಬೇಕಿತ್ತು ಅದಕ್ಕೆ. ನೋಡಲಿಕ್ಕೆ ಅದು ವಿಕಾರವಾಗೇ ಇತ್ತು. ಹಳೆಯ ಸೈಕಲ್ಲಿನ ಕವಲಿನಲ್ಲಿ ತೂರುತ್ತಲೇ ಇರಲಿಲ್ಲ. ಹಾಗಂತ ಯಾರೂ ಅದನ್ನು ತುರುಕಲು ಹೋಗಲಿಲ್ಲ. ಬೆಲ್‌ಫಾಸ್ಟ್‌ನ ಕೆಲಸಗಾರರು ದಪ್ಪ ಟೈರಿಗೆ ಹೊಂದುವಂತೆ ಅಗಲವಾದ ಹೊಸ ಚೌಕಟ್ಟನ್ನೇ ಕಟ್ಟಿದರು. ನಾವು ಕಾರಿಗೆ ಮಾಡಿದ್ದು ಇದರ ಉಲ್ಟಾ.

1888ರ ಡಿಸೆಂಬರ್ 7ರಂದು ಡನ್‌ಲಪ್‌ಗೆ ಪೇಟೆಂಟ್ ಸಿಕ್ಕಿತು. ಮರುವರ್ಷ ಮೇ ತಿಂಗಳಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಸೈಕಲ್ ಪಂದ್ಯ. ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರಿನ ಸೈಕಲ್ಲು ಹತ್ತಿ ಎದುರಾಳಿಗಳನ್ನೆಲ್ಲ ಹಿಂದಿಕ್ಕಿದ. ಅವತ್ತು ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿಯ ಮಕ್ಕಳೂ ಇದ್ದರು. ಅಪ್ಪನಿಗೆ ಸೋಲಿನ ಕಾರಣ ತಿಳಿಯಿತು. ಅದೇ ವರ್ಷ ಡಬ್ಲಿನ್‌ನಲ್ಲಿ ಕಂಪನಿ ಶುರುವಾಯಿತು. ಡನ್‌ಲಪ್ ತನ್ನ ಪೇಟೆಂಟನ್ನು ಕಂಪನಿಗೆ ಕೊಟ್ಟು ಸ್ವಲ್ಪ ಹಣ, ಒಂದಿಷ್ಟು ಷೇರು ಪಡೆದ.

ಆಮೇಲೆ ಬಿತ್ತು ಪೆಟ್ಟು. ಗಾಳಿಯ ಟೈರನ್ನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವ 1845ರಲ್ಲೇ ಪೇಟೆಂಟ್ ಮಾಡಿಸಿ, ಕುದುರೆ ಗಾಡಿಗೆ ಹಾಕಿ ಓಡಿಸಿದ್ದ. ಆಗ ಸೈಕಲ್ಲೂ ಇಲ್ಲ, ಕಾರೂ ಇಲ್ಲ, ತೆಳು ರಬ್ಬರೂ ದುಬಾರಿ. ಜನ ಮರೆತಿದ್ದರು. ಥಾಮ್ಸನ್ 1873ರಲ್ಲಿ ತೀರಿಕೊಂಡಿದ್ದ. ಡನ್‌ಲಪ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ವಿಷಯ ಹೊರಬಿದ್ದು ಅವನ ಪೇಟೆಂಟ್ ಬಿದ್ದುಹೋಯಿತು. ಕಂಪನಿಯನ್ನು ಉಳಿಸಿದ್ದು ಬೇರೆಯವರ ಇನ್ನೊಂದು ತಿಳಿವಳಿಕೆ. ಡನ್‌ಲಪ್‌ನ ಟೈರನ್ನು ಗಾಲಿಗೆ ಅಂಟಿಸಬೇಕಿತ್ತು, ಪಂಕ್ಚರ್ ಆದರೆ ಕಿತ್ತು ತೆಗೆಯೋದೇ ಒಂದು ಯುದ್ಧ. 1890ರಲ್ಲಿ ವೆಲ್ಚ್ ಮತ್ತು ಬಾರ್ಟ್ಲೆಟ್ ಎಂಬ ಇಬ್ಬರು, ಬೇರೆ ಬೇರೆಯಾಗಿ, ಟೈರಿನ ಅಂಚನ್ನು ರಿಮ್ಮೇ ಹಿಡಿದುಕೊಳ್ಳುವ ದಾರಿ ಕಂಡುಹಿಡಿದರು. ಕಂಪನಿ ಎರಡನ್ನೂ ಕೊಂಡಿತು. ಟೈರು ಎಷ್ಟೇ ಒಳ್ಳೇದಿರಲಿ, ಅದನ್ನು ರಿಮ್ಮು ಹೇಗೆ ಹಿಡಿಯುತ್ತದೆ ಅನ್ನೋದೇ ಕೊನೆಯ ಮಾತು ಅಂತ ಆಗಲೇ ಸಾಬೀತಾಗಿತ್ತು.

1895ರಲ್ಲಿ ಡನ್‌ಲಪ್ ಕಂಪನಿ ಬಿಟ್ಟ. ಅದೇ ವರ್ಷ ಫ್ರಾನ್ಸಿನಲ್ಲಿ ಮಿಷಲಿನ್ ಸಹೋದರರು ಗಾಳಿಯ ಟೈರು ಹಾಕಿದ ಕಾರನ್ನು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಬರುವ ಪಂದ್ಯದಲ್ಲಿ ಓಡಿಸಿದರು. ಮರುವರ್ಷ ಡನ್‌ಲಪ್ ಬಿಟ್ಟುಬಂದ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುಗ್ಗಿ ಅವನ ಕಣಕ್ಕೆ ಬರಲಿಲ್ಲ. ಹೆಸರು ಮಾತ್ರ ಕಂಪನಿಯ ಜೊತೆ ಹೋಯಿತು. ಅವನು ಡಬ್ಲಿನ್‌ನಲ್ಲೇ ಉಳಿದು, 1921ರ ಅಕ್ಟೋಬರ್ 23ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡ.

ಆ ಹೆಸರು ಎಲ್ಲೆಲ್ಲಿಗೆ ಬಂತು ನೋಡಿ. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾಯಿತು. ಉತ್ತರ ಪ್ರದೇಶದ ಎಷ್ಟೋ ಹಳ್ಳಿಗಳಲ್ಲಿ ಟೈರಿನ ಬಂಡಿಯ ಹೆಸರೇ ಡನ್‌ಲಪ್. ನಮ್ಮಲ್ಲೂ ಕಬ್ಬಿಣದ ಪಟ್ಟಿ ಬಿಗಿದ ಕಟ್ಟಿಗೆ ಗಾಲಿ ಹೋಗಿ ಟೈರಿನ ಬಂಡಿ ಬಂದಾಗ ಮೊದಲು ಹಗುರಾಗಿದ್ದು ಎತ್ತಿನ ಹೆಗಲು. ದನದ ಡಾಕ್ಟರು ಕಂಡುಹಿಡಿದ ವಸ್ತು ಕೊನೆಗೆ ದನಕ್ಕೇ ಸಹಾಯಕ್ಕೆ ಬಂತು. ಮಳೆ ಬಿದ್ದ ಎರೆ ಹೊಲದಲ್ಲಿ ಅಗಲ ಟೈರು ಕಮ್ಮಿ ಹೂಳುತ್ತದೆ. ಅಲ್ಲಿ ಅಗಲಕ್ಕೆ ಕಾರಣ ಇದೆ.

ನಮ್ಮ ಕಾರಿನ ಅಗಲಕ್ಕೆ ಕಾರಣ ಏನಿತ್ತು? ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ, ಟೈರು ಅಗಲವಾದ ಮಾತ್ರಕ್ಕೆ ನೆಲಕ್ಕೆ ತಾಗುವ ಜಾಗ ಬಹಳ ಹೆಚ್ಚಲ್ಲ. ಅದರ ಆಕಾರ ಬದಲಾಗುತ್ತದೆ, ಉದ್ದ ಕಮ್ಮಿಯಾಗಿ ಅಡ್ಡ ಹೆಚ್ಚುತ್ತದೆ. ತಿರುವಿನಲ್ಲಿ ಇದರಿಂದ ಲಾಭ ಇದೆ, ಮೆದು ರಬ್ಬರಾದರೆ ಹಿಡಿತ ಇನ್ನೂ ಜಾಸ್ತಿ. ಆದರೆ ಮಳೆಯ ನೀರಿನ ಮೇಲೆ ಅಗಲ ಟೈರು ಬೇಗ ತೇಲುತ್ತದೆ. ಮೆದು ರಬ್ಬರು ಬೇಗ ಸವೆಯುತ್ತದೆ. ಗಿಡ್ಡ ಗೋಡೆಯ ಟೈರು ಗುಂಡಿಯ ಪೆಟ್ಟನ್ನು ನೇರ ರಿಮ್ಮಿಗೆ ದಾಟಿಸುತ್ತದೆ. ಡನ್‌ಲಪ್ ಗಾಳಿಗೆ ಅಂತ ಮಾಡಿದ ಜಾಗವನ್ನು ನಾವು ಚೆಂದಕ್ಕಾಗಿ ಕಿತ್ತುಕೊಳ್ಳುತ್ತೇವೆ.

ಹಾಗಾಗಿ ಟೈರಿನ ಮೇಲೆ ದಪ್ಪಕ್ಷರದ ಹೆಸರು ಓದಿ ನಿಲ್ಲಬೇಡಿ. ಆ ಹೆಸರಿನ ಮನುಷ್ಯನೇ ಕಂಪನಿ ಬಿಟ್ಟು ನೂರು ವರ್ಷದ ಮೇಲಾಯಿತು. ಸಣ್ಣ ಅಂಕಿ ಓದಿ. ಅಗಲಕ್ಕೆ ತಕ್ಕ ರಿಮ್ಮು ಯಾವುದು, ಆ ರಿಮ್ಮು ಎಷ್ಟು ಹೊರಗೆ ಕೂರುತ್ತದೆ ನೋಡಿ. ಭಾರದ ಅಂಕಿ 82 ಅಂದರೆ ಒಂದು ಟೈರಿಗೆ 475 ಕೆ.ಜಿ., 87 ಅಂದರೆ 545. ಕಾರಿನ ಜೊತೆ ಬಂದದ್ದಕ್ಕಿಂತ ಕೆಳಗೆ ಇಳಿಯಬೇಡಿ. ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ: 2319 ಇದ್ದರೆ 2019ರ 23ನೇ ವಾರ. ಗಾಳಿಯನ್ನು ಟೈರು ತಣ್ಣಗಿದ್ದಾಗಲೇ, ಬೆಳಿಗ್ಗೆ ನೋಡಿಸಿ. ರಾಯಚೂರಿನ ಬಿಸಿಲಲ್ಲಿ ಓಡಿ ಬಂದ ಟೈರು ಹೆಚ್ಚು ಒತ್ತಡ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಕಮ್ಮಿ ಗಾಳಿಯಲ್ಲಿ ಓಡಿಸುತ್ತೀರಿ.

ಕಡೆಗೆ ಕಾಕಾ ಹೇಳಿಕೊಟ್ಟ ಪರೀಕ್ಷೆ. ಅವರು ಡನ್‌ಲಪ್‌ನ ಅಂಗಳದ ಕಥೆ ಕೇಳಿದವರಲ್ಲ. ಟೈರಿನ ಭುಜಕ್ಕೆ ಸುತ್ತಲೂ ಸುಣ್ಣದ ಕಡ್ಡಿ ಗೀಚಬೇಕು. ಕಾರಿನ ತುಂಬ ಜನ ಕೂರಬೇಕು, ಡಿಕ್ಕಿಗೆ ಭಾರ ಹಾಕಬೇಕು. ನಿಧಾನಕ್ಕೆ ಹಂಪ್ ಹತ್ತಿಸಿ ಇಳಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಬೇಕು. ಆಮೇಲೆ ಇಳಿದು ನೋಡಬೇಕು. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ನಾಳೆ ರಬ್ಬರು ಹರಿಯುತ್ತದೆ.

ಮುಂದಿನ ವಾರ ನಾವು ಹಳೆಯ ರಿಮ್ಮು, ಹಳೆಯ ಅಳತೆಯ ಹೊಸ ಟೈರು ಹಾಕಿಸಿ ಅದನ್ನೇ ಮಾಡಿದೆವು. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮನೇ ಬಂದು ಕೂತರು. ಸುಣ್ಣ ಅಳಿಸಿರಲಿಲ್ಲ.